ಸುಮ್ಮನೆ ಕೂತ ಟ್ರಂಪೆಟ್ಟು

ಪಾಂಡವಪುರದ ನಮ್ಮ ಬ್ಯಾಂಡ್ ಸೆಟ್ಟಿನಲ್ಲಿ ನನ್ನದು ದೊಡ್ಡ ಡ್ರಮ್ಮು, ಸಮೀವುಲ್ಲಾನದು ಟ್ರಂಪೆಟ್ಟು. ಇಪ್ಪತ್ತೆರಡು ವರ್ಷ ಮದುವೆ ಮೆರವಣಿಗೆಗಳಲ್ಲಿ ಜೊತೆಯಾಗಿ ನಡೆದವರು ನಾವು. ಅವನು ಊದಿದರೆ ಊದಿದ ಹಾಗೆ! ಕಿಕ್ಕೇರಿಯ ಬೀದಿಯಲ್ಲಿ ಶುರುಮಾಡಿದರೆ ಊರಾಚೆ ಕಳೆ ಕೀಳುತ್ತಿದ್ದವರೂ ನಡು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ಪಕ್ಕದಲ್ಲಿ ನಿಂತ ಪಾಪಕ್ಕೆ ನನ್ನ ಬಲಗಿವಿ ಅರ್ಧ ಹೋಗಿದೆ.

ತೊಂಬತ್ತಾರರಲ್ಲಿ ಶ್ರೀರಂಗಪಟ್ಟಣದ ನಂಜಪ್ಪ ಮೇಷ್ಟ್ರು ಅವನನ್ನು ಕರೆಸಿದರು. ಮೈಸೂರಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿಸಿ ನಿವೃತ್ತರಾದವರು. ನಲವತ್ತು ಜನರ ಆರ್ಕೆಸ್ಟ್ರಾ ಕಟ್ಟಿಕೊಂಡು ತಮ್ಮೂರಿನ ಕಲ್ಯಾಣ ಮಂಟಪದಲ್ಲೇ ಕಛೇರಿ ಮಾಡಬೇಕೆಂಬ ಹಠ ಅವರಿಗೆ. ಹತ್ತಿರದಲ್ಲಿ ಟ್ರಂಪೆಟ್ಟಿನವರು ಸಿಕ್ಕಿರಲಿಲ್ಲ. ಸಮೀವುಲ್ಲಾನಿಗೆ ನೊಟೇಷನ್ ಓದುವುದನ್ನು ಅರಮನೆ ಬ್ಯಾಂಡಿನಲ್ಲಿದ್ದ ಅವನಜ್ಜ ಕಲಿಸಿದ್ದ. ಆ ವಿದ್ಯೆಗೆ ಜಾಗ ಸಿಕ್ಕಿದ್ದು ಅವನ ವಯಸ್ಸು ಐವತ್ತರ ಹತ್ತಿರ ಬಂದಾಗ. ಒಪ್ಪಿಕೊಂಡು ಬರುವಾಗ ಬಸ್ಸಿನಲ್ಲೇ ಅತ್ತುಬಿಟ್ಟ. ನಾನು, ಬುದ್ಧಿಯಿಲ್ಲದವನು, ನಕ್ಕೆ.

ಅಲ್ಲಿ ಅವನ ಕೆಲಸವೇನು ಗೊತ್ತೇ? ಸುಮ್ಮನೆ ಕೂರುವುದು! ತೊಂಬತ್ತೊಂಬತ್ತು ಆವರ್ತ ಬಾಯಿ ಮುಚ್ಚಿಕೊಂಡಿರಬೇಕು. ಆಮೇಲೆ ಎಲ್ಲರೂ ನಿಲ್ಲಿಸಿದಾಗ ಇವನೊಬ್ಬನೇ ಎಂಟು ಆವರ್ತ ನುಡಿಸಬೇಕು, ಅದೂ ಮೆತ್ತಗೆ. ಅದಕ್ಕೆ ಅವರು ಸೋಲೋ ಅನ್ನುತ್ತಾರೆ.

ಮೊದಲ ಅಭ್ಯಾಸದಲ್ಲೇ ಎಡವಟ್ಟಾಯಿತು. ಅದೇ ಮಂಟಪದಲ್ಲಿ ನಾವು ಎಷ್ಟೋ ಮದುವೆಗೆ ಬಾರಿಸಿದ್ದೇವೆ. ತಾಳಿ ಕಟ್ಟುವಾಗ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ" ಎಂದರೆ ಉಸಿರಿದ್ದಷ್ಟೂ ಊದಬೇಕು. ನಂಜಪ್ಪ ಮೇಷ್ಟ್ರು ಪಿಟೀಲಿನವರ ದನಿ ತಗ್ಗಿಸಲೆಂದು ಎಡಗೈ ಎತ್ತಿದರು ನೋಡಿ, ಸಮೀವುಲ್ಲಾ ಧಡಕ್ಕನೆ ಎದ್ದು ಗಟ್ಟಿಮೇಳ ಊದಿಬಿಟ್ಟ! ಪಿಟೀಲಿನವಳೊಬ್ಬಳ ಕೈಯಿಂದ ಕಮಾನೇ ಬಿತ್ತು.

"ಇದು ಬೀದಿಯಲ್ಲ ಸಮೀವುಲ್ಲಾ ಅವರೇ," ಎಂದರು ಮೇಷ್ಟ್ರು. "ಇನ್ನೊಂದ್ಸಲ ಹೀಗಾದ್ರೆ ಬೆಂಗಳೂರಿಂದ ಬೇರೆಯವರನ್ನ ಕರೆಸ್ತೀನಿ."

ಅವತ್ತಿನಿಂದ ಅವನಿಗೆ ಅನ್ನ ಸೇರಲಿಲ್ಲ. ಒಂದು ಮಧ್ಯಾಹ್ನ ಮನೆಗೆ ಹೋದರೆ ಅವನ ಹೆಂಡತಿ ಅಖ್ತರ್ ಬೇಗಂ ಬಾಗಿಲಲ್ಲೇ "ಮೆಲ್ಲಗೆ ಬನ್ನಿ ಸಿದ್ರಾಜಣ್ಣ" ಎಂದರು. ಒಳಗೆ ಮೊಮ್ಮಗಳು ಆಲಿಯಾ ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಾಳೆ, ಪಕ್ಕದಲ್ಲೇ ಕೂತು ಇವನು ಸೋಲೋ ನುಡಿಸುತ್ತಿದ್ದಾನೆ. ಮಗು ಮಿಸುಕಾಡಲಿಲ್ಲ. ಮುಗಿಸಿ ಮತ್ತೆ ಕಣ್ಣು ಮುಚ್ಚಿದ. ನಮಾಜಾದ ಮೇಲೆ ದೇವರ ನಾಮ ಎಣಿಸುವ ಹಾಗೆ ಬೆರಳ ಗೆಣ್ಣುಗಳ ಮೇಲೆ ಮೂವತ್ತಮೂರರ ಮೂರು ಸುತ್ತು ಎಣಿಸಿ ಟ್ರಂಪೆಟ್ಟು ಎತ್ತಿದ.

"ಕಣ್ಯಾಕ್ಲಾ ಮುಚ್ಕತೀಯ? ಮೇಷ್ಟ್ರು ಸನ್ನೆ ಕಾಣದ್ ಬ್ಯಾಡ್ವಾ?" ಎಂದೆ.

"ಆ ಕೈ ಕಂಡ್ರೆ ಗಟ್ಟಿಮೇಳನೇ ಬಂದ್ಬುಡ್ತದೆ ಕಣ್ಲಾ. ನೋಡದೇ ಬ್ಯಾಡ. ಎಣ್ಸ್ಕಂಡೇ ನುಡಿಸ್ತೀನಿ."

"ಎಣ್ಸೋದ್ ತಪ್ಪುದ್ರೆ?"

"ಕುರ್ಚಿ ಓಯ್ತು, ಅಷ್ಟೇಯ."

ಕಛೇರಿ ಭಾನುವಾರ ಬೆಳಿಗ್ಗೆ. ಹಿಂದಿನ ಸಾಲಿನಲ್ಲಿ ಕೂತು ನಾನೂ ಎಣಿಸತೊಡಗಿದೆ. ನಲವತ್ತಕ್ಕೇ ತಪ್ಪಿದೆ. ಸಮೀವುಲ್ಲಾ ಕಣ್ಣು ಮುಚ್ಚಿ ಕೂತಿದ್ದ, ಹೆಬ್ಬೆರಳು ಮಾತ್ರ ಗೆಣ್ಣಿಂದ ಗೆಣ್ಣಿಗೆ ಸರಿಯುತ್ತಿತ್ತು. ಕೊನೆಗೆ ಪಿಟೀಲುಗಳೆಲ್ಲ ನಿಂತವು. ಈಗ ಮೇಷ್ಟ್ರು ಸನ್ನೆ ಕೊಡಬೇಕು. ಕೊಡಲಿಲ್ಲ! ನೊಟೇಷನ್ನಿನ ಎರಡು ಹಾಳೆ ಒಟ್ಟಿಗೇ ಮಗುಚಿಬಿಟ್ಟು, ಎಲ್ಲಿದ್ದೇವೆಂದು ತಿಳಿಯದೆ ತಡಕಾಡುತ್ತಿದ್ದರು. ಅಯ್ಯೋ, ಕೆಟ್ಟೆವಲ್ಲಪ್ಪಾ ಅನ್ನಿಸಿತು.

ಆಗ ಟ್ರಂಪೆಟ್ಟು ಕೇಳಿಸಿತು. ಊದಿದ್ದು ಅನ್ನುವುದಕ್ಕೇ ಆಗದಷ್ಟು ಮೆತ್ತಗೆ. ಎಂಟು ಆವರ್ತದಲ್ಲಿ ಒಂದು ಸ್ವರವೂ ನಡುಗಲಿಲ್ಲ. ಅವನೊಳಗೆ ಇಂಥದ್ದೊಂದು ಇತ್ತು, ನಾನು ಇಪ್ಪತ್ತೆರಡು ವರ್ಷ ಅದರ ಮೇಲೆ ಡ್ರಮ್ಮು ಬಡಿದಿದ್ದೆ. ನಾಚಿಕೆ ಬಿಟ್ಟು ಅತ್ತೆ.

ಮುಗಿದ ಮೇಲೆ ಮೇಷ್ಟ್ರು ಸಭೆಗೆ ಅವನನ್ನು ಬೆರಳು ಮಾಡಿ ತೋರಿಸುತ್ತಾ, "ತಪ್ಪಿದ್ದು ನಾನು, ಕಾಪಾಡಿದ್ದು ಇವರು" ಎಂದರು. ಚಪ್ಪಾಳೆಯ ಗದ್ದಲದಲ್ಲಿ ಅವನಿಗೆ ಮಾತು ಕೇಳಿಸಲಿಲ್ಲ, ತನ್ನ ಕಡೆ ಚಾಚಿದ ಬೆರಳಷ್ಟೇ ಕಂಡಿತು. ಎದ್ದು ನಿಂತ.

"ತಪ್ಪಾಯ್ತಾ ಸಾ? ಮುಂದ್ಲ್ ವಾರ ಬರ್ಲಾ, ಬ್ಯಾಡ್ವಾ?"

ನಂಜಪ್ಪ ಮೇಷ್ಟ್ರು ತಾಳದ ಕೋಲು ಕೆಳಗಿಟ್ಟರು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಅವನ ಹತ್ತಿರ ಹೋಗಿ, ಅವನ ಕೈ ಹಿಡಿದುಕೊಂಡು, ಅವನನ್ನು ಅದೇ ಕುರ್ಚಿಯಲ್ಲಿ ಮತ್ತೆ ಕೂರಿಸಿದರು.