ಎಡೆಯ ಮೇಲೆ ಡ್ರೋನ್

ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬಿದ ದಿನ, ವಿದ್ಯಾರಣ್ಯಪುರದ ನಮ್ಮ ಮನೆಯ ತಾರಸಿಯಲ್ಲಿ ಬಾಳೆ ಎಲೆಯ ಮೇಲೆ ಎಡೆ ಇಟ್ಟು ಕಾಗೆಗಾಗಿ ಕಾಯುತ್ತಿದ್ದೆ. ಕಾಗೆ ಮುಟ್ಟುವವರೆಗೆ ಕೆಳಗೆ ನೆಂಟರು ಊಟಕ್ಕೆ ಕೂರುವಂತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ರಾಜಣ್ಣ, ತಾವು ಕಟ್ಟಿಸಿದ ಹೊಸ ಕಟ್ಟಡದ ವಿಡಿಯೊ ತೆಗೆಯಲೆಂದು ಡ್ರೋನ್ ಹಾರಿಸಿದರು. ಅದು ಗುಂಯ್‌ಗುಟ್ಟುತ್ತ ನಮ್ಮ ಎಲೆಯ ನೇರಕ್ಕೇ ಬಂದು ನಿಂತಿತು.

“ರಾಜಣ್ಣ, ಸ್ವಲ್ಪ ಇಳಿಸ್ತೀರಾ? ಎಡೆ ಇಟ್ಟಿದೀನಿ. ಇದಕ್ಕೆ ಹೆದರಿ ಕಾಗೆ ಬರ್ತಿಲ್ಲ.”

“ಅಯ್ಯೋ, ಅಕ್ಕೋರ್ದಾ? ತಪ್ಪಾಯ್ತು ಮೇಷ್ಟ್ರೇ,” ಎಂದು ಅವರು ತಕ್ಷಣ ಇಳಿಸಿದರು. ಚಪ್ಪಲಿ ಬಿಟ್ಟು, ತಮ್ಮ ತಾರಸಿಯಿಂದಲೇ “ಕಾ, ಕಾ” ಎಂದು ಕರೆದರು ಕೂಡ. ಆದರೂ ಒಂದು ಕಾಗೆಯೂ ಬರಲಿಲ್ಲ. ಪಾಯಸದ ಮೇಲೆ ಕೆನೆ ಕಟ್ಟಿತು.

ಕೊನೆಗೆ ಅವರೇ ಸಂಕೋಚದಿಂದ ಕೇಳಿದರು: “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಇನ್ನೊಂದ್ ಸಲ ಹಾರಿಸ್ಲಾ? ಮೊನ್ನೆ ಪಾರ್ಕಲ್ಲಿ ಕಾಗೆಗಳೆಲ್ಲ ಇದನ್ನ ಓಡಿಸೋಕೆ ಬಂದಿದ್ವು.”

“ಶಾಸ್ತ್ರಕ್ಕೆ ಆಗುತ್ತೇನ್ರೀ ಇದು?”

“ಕರೆಯೋದ್ ತಾನೇ ಮೇಷ್ಟ್ರೇ. ಬಾಯಲ್ ಕರೆದ್ರೆ ಬರ್ಲಿಲ್ವಲ್ಲ.”

ಒಪ್ಪಿದೆ. ಡ್ರೋನ್ ಏರಿದ್ದೇ ತಡ, ಎಲ್ಲಿದ್ದವೋ ಏನೋ, ಕಾಗೆಗಳು ಕಿರುಚುತ್ತ ಅದನ್ನು ಮುತ್ತಿಕೊಂಡವು. ರಾಜಣ್ಣ ಬೇಗ ಇಳಿಸಿ ಟವೆಲ್ ಮುಚ್ಚಿದರು. ಒಂದು ಕಾಗೆ ಮಾತ್ರ ನಮ್ಮ ತಾರಸಿಯ ಗೋಡೆಯ ಮೇಲೆ ಕೂತು, ಅವರ ಕಡೆ ತಿರುಗಿ ಇನ್ನಷ್ಟು ಬೈದು, ಆಮೇಲೆ ಎಲೆಯ ಹತ್ತಿರ ಇಳಿದು ವಡೆ ಕಚ್ಚಿತು.

ಅದು ಬಂದದ್ದು ಜಗಳಕ್ಕಲ್ಲವೇ, ಎಡೆ ಸಂದಿತೋ ಇಲ್ಲವೋ ಎಂದು ರಾಜಣ್ಣನವರಿಗೆ ಈಗಲೂ ಅನುಮಾನ. ನನಗಿಲ್ಲ. ನನ್ನ ಹೆಂಡತಿಯೂ ಅವರ ಮನೆಗೆ ಜಗಳ ಆಡಲು ಹೋದಾಗಲೆಲ್ಲ ತಿಂಡಿ ತಿಂದುಕೊಂಡೇ ಬರುತ್ತಿದ್ದಳು.