ಆರ್ಡಿತ್ ಕೈ ಎತ್ತಿದ ಶನಿವಾರ

ನನ್ನ ಅಮ್ಮ ಆರ್ಡಿತ್ ಟಿವಿಯಲ್ಲಿ ಸ್ಟೀಲ್ ಗಿಟಾರ್ ನುಡಿಸುತ್ತಾಳೆ ಎಂಬುದನ್ನು ಊರಿನಲ್ಲಿ ಬಹಳ ಜನ ನಂಬಿರಲಿಲ್ಲ. ಮನೆಯಲ್ಲಿ ರೋ ಎಂದು ಕರೆಸಿಕೊಳ್ಳುತ್ತಿದ್ದ ಹತ್ತು ವರ್ಷದ ನಾನೂ ನಂಬಿರಲಿಲ್ಲ.

ಅದು 1955. ನೆಬ್ರಾಸ್ಕಾದಲ್ಲಿ ಪ್ಲ್ಯಾಟ್ ನದಿಯ ದಂಡೆಯ ನಮ್ಮ ಊರಿಗೆ ಟಿವಿ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಲವತ್ತು ಮೈಲಿಯಾಚೆಯ ಸ್ಟೇಷನ್ನಿನಿಂದ ಪ್ರತಿ ಶನಿವಾರ ಸಂಜೆ ಆರಕ್ಕೆ ಹಾಲಿಸ್ ಟ್ಯಾಕೆಟ್ ಎಂಬವನ ಕೌಬಾಯ್ ತಂಡ ಅರ್ಧ ಗಂಟೆ ಹಾಡುತ್ತಿತ್ತು. ಖರ್ಚೆಲ್ಲ ಕೋಳಿ ಆಹಾರ ಮಾರುವ ಒಂದು ಕಂಪನಿಯದು. ಅಲ್ಲಿ ಹಾಡಿದ್ದು ಆ ಗಳಿಗೆಗೇ ನಮ್ಮ ಮನೆಯಲ್ಲಿ ಕಾಣುತ್ತಿತ್ತು, ಆಮೇಲೆ ಎಲ್ಲೂ ಉಳಿಯುತ್ತಿರಲಿಲ್ಲ. ಹಾಗಾಗಿ ಊರೆಲ್ಲ ನೋಡಿದ್ದನ್ನು ಅಮ್ಮ ಮಾತ್ರ ನೋಡುವಂತಿರಲಿಲ್ಲ.

ವಾರವಿಡೀ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಕರೆಗಳನ್ನು ಜೋಡಿಸುತ್ತಿದ್ದಳು. ಚಿಕ್ಕವಳಿದ್ದಾಗ ಮನೆಮನೆಗೆ ಬರುತ್ತಿದ್ದ ಮೇಷ್ಟ್ರೊಬ್ಬರಿಂದ ಗಿಟಾರ್ ಕಲಿತಿದ್ದಳಂತೆ. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿದರೆ, ಯಾರೋ ದೂರದಿಂದ ಕರೆದಂಥ ದನಿ ಬರುತ್ತಿತ್ತು. ಅಡುಗೆಮನೆಯಲ್ಲಿ ಅವಳು ನುಡಿಸುವುದನ್ನು ನಾನು ದಿನಾ ಕೇಳುತ್ತಿದ್ದೆ. ಆದರೆ ಟಿವಿಯಲ್ಲಿ ಅವಳು ಕಾಣುತ್ತಿದ್ದದ್ದು ಅಲಂಕಾರಕ್ಕಿಟ್ಟ ಹುಲ್ಲಿನ ಪೆಂಡಿಗಳ ಹಿಂದೆ. ಬರೀ ಹ್ಯಾಟು, ಅರ್ಧ ಮುಖ. ಗಿಟಾರಿನ ಸರದಿ ಬಂದಾಗ ಕ್ಯಾಮೆರಾ ಹತ್ತಿರ ಹೋಗಿ ತೋರಿಸುತ್ತಿದ್ದದ್ದು ಟ್ಯಾಕೆಟ್‌ನ ಭಾಮೈದ ಡ್ವೇನ್‌ನ ಕೈಗಳನ್ನು. ಅವನ ತೊಡೆಯ ಮೇಲೂ ಅಂಥದ್ದೇ ಗಿಟಾರ್.

ಅಮ್ಮನಿಗೆ ಅಲ್ಲಿ ನುಡಿಸಲು ಬಿಡುವುದಿಲ್ಲ, ಸುಮ್ಮನೆ ಕೂರಿಸುತ್ತಾರೆ, ನಾಚಿಕೆಯಿಂದ ನಮಗೆ ಸುಳ್ಳು ಹೇಳುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದ್ದೆ. ಒಮ್ಮೆ ಅಪ್ಪನ ಹತ್ತಿರ ಬಾಯಿಬಿಟ್ಟೆ. ಗೋಧಿ ಗೋದಾಮಿನಿಂದ ಆಗಷ್ಟೇ ಬಂದ ಅಪ್ಪ ಬೂಟಿನ ದಾರ ಬಿಚ್ಚುತ್ತಾ, "ಆ ವಿಷ್ಯ ಅಮ್ಮನ ಹತ್ರ ಎತ್ತಬೇಡ, ರೋ" ಎಂದ. ಯಾಕೆ ಎಂದು ಹೇಳಲಿಲ್ಲ. ಅಂದಿನಿಂದ ನನಗೆ ಅವನ ಮೇಲೂ ಅನುಮಾನ.

ಆ ಚಳಿಗಾಲ ಚರ್ಚಿನ ಊಟದಲ್ಲಿ ಪಕ್ಕದ ಮನೆಯ ಮಿಸೆಸ್ ವೋಬೋರಿಲ್ ಎಲ್ಲರೆದುರು ಅಮ್ಮನಿಗೆ ಹೇಳಿದಳು: "ಆ ಡ್ವೇನ್ ಎಷ್ಟ್ ಚೆನ್ನಾಗ್ ಬಾರಿಸ್ತಾನೆ ಕಣೆ ಆರ್ಡಿತ್! ಹೇಗೂ ಜೊತೇಲೇ ಇರ್ತೀಯ, ಅವನ ಹತ್ರ ನೀನೂ ಒಂದಿಷ್ಟು ಕಲ್ತ್ಕೋಬಾರ್ದಾ?"

ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಮತ್ತೆ ಮುಟ್ಟಲಿಲ್ಲ.

ಕಾರಿನಲ್ಲಿ ಅಪ್ಪನನ್ನು ಕೇಳಿದಳು: "ಎಮ್ಮೆಟ್, ಟಿವೀಲಿ ನಾನು ಬಾರಿಸೋದು ಕಾಣುತ್ತೆ ತಾನೆ?"

"ಕಾಣುತ್ತೆ."

"ಕೈ?"

"ಕೈನೂ ಕಾಣುತ್ತೆ ಮಾರಾಯ್ತಿ, ಬಿಡು ಅತ್ಲಾಗೆ." ಅಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಹಿಂದಿನ ಸೀಟಿನಲ್ಲಿದ್ದ ನನಗೆ ಅದು ಸುಳ್ಳೆಂದು ಗೊತ್ತಿತ್ತು. ಅಮ್ಮ ತಿರುಗಿ ನನ್ನನ್ನು ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

ಮರುದಿನ ಬಟ್ಟೆ ಒಣಗಹಾಕುವಾಗ ನನ್ನನ್ನು ಕರೆದಳು. "ಆ ಡ್ವೇನ್ ಗಿಟಾರಿಗೆ ಕರೆಂಟಿನ ವೈರೇ ಹಾಕಿಲ್ಲ, ಎಷ್ಟ್ ಬಾರಿಸಿದ್ರೂ ಸದ್ದು ಬರಲ್ಲ. ಸ್ಟೇಜ್ ತುಂಬಿದ ಹಾಗೆ ಕಾಣ್ಲಿ ಅಂತ ಕೂರ್ಸಿದೀನಿ ಅಂತಾನೆ ಹಾಲಿಸ್. ನಂಗ್ಯಾಕೋ ನಂಬಿಕೆ ಬರ್ತಿಲ್ಲ. ಈ ಶನಿವಾರ ಎರಡನೇ ಹಾಡಿನ ಮಧ್ಯ ನಾನು ತಂತಿಯಿಂದ ಕೈ ಎತ್ತಿಬಿಡ್ತೀನಿ. ಆಗ ಟಿವೀಲಿ ಏನು ಕಾಣುತ್ತೆ, ನಾನು ಬಂದ್ಮೇಲೆ ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ಅಪ್ಪನಿಗೆ ಹೇಳ್ಬೇಡ."

ಅಪ್ಪ ಅಮ್ಮನಿಗೆ ಹೇಳಬೇಡ ಎಂದಿದ್ದ. ಈಗ ಅಮ್ಮ ಅಪ್ಪನಿಗೆ ಹೇಳಬೇಡ ಎನ್ನುತ್ತಿದ್ದಳು.

ಶನಿವಾರ ಮಿಸೆಸ್ ವೋಬೋರಿಲ್ ತಮ್ಮ ಸೆಟ್ಟು ಕೆಟ್ಟಿದೆ ಎಂದು ನಮ್ಮ ಮನೆಗೇ ಬಂದು ಕೂತಳು. ಎರಡನೇ ಹಾಡು ಶುರುವಾಯಿತು. "ಈಗ ನಮ್ಮ ಡ್ವೇನ್!" ಎಂದು ಟ್ಯಾಕೆಟ್ ಕೂಗಿದ. ತೆರೆಯ ತುಂಬ ಡ್ವೇನ್‌ನ ಕೈಗಳು, ಬೆರಳಿನಲ್ಲಿ ಉಂಗುರ. ಗಿಟಾರ್ ಒಂದೆರಡು ಸಾಲು ಹಾಡಿತು. ಆಮೇಲೆ ನಿಂತೇ ಹೋಯಿತು. ಪಿಟೀಲು ನಡೆಯುತ್ತಿತ್ತು, ತಾಳ ನಡೆಯುತ್ತಿತ್ತು, ಡ್ವೇನ್‌ನ ಕೈಗಳೂ ತಂತಿಯ ಮೇಲೆ ಜಾರುತ್ತಲೇ ಇದ್ದವು. ಗಿಟಾರಿನ ದನಿ ಮಾತ್ರ ಇಲ್ಲ. ಕೊನೆಗೆ ಅವನು ತಲೆ ಎತ್ತಿ ಹುಲ್ಲಿನ ಪೆಂಡಿಗಳ ಕಡೆ ನೋಡಿದ. ಕ್ಯಾಮೆರಾ ಗಡಬಡಿಸಿ ಕೋಳಿ ಆಹಾರದ ಚೀಲಗಳ ಕಡೆ ತಿರುಗಿತು.

"ಅಯ್ಯೋ, ಗಿಟಾರ್ ಕೆಟ್ಟೋಯ್ತಾ?" ಎಂದಳು ಮಿಸೆಸ್ ವೋಬೋರಿಲ್.

"ಕೆಟ್ಟಿಲ್ಲ. ಅವಳು ಕೈ ತೆಗ್ದಿದಾಳೆ" ಎಂದು ಅಪ್ಪ ಎದ್ದು ನಿಂತ.

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು! ಅಮ್ಮನೇ ನುಡಿಸುವುದೂ ಗೊತ್ತಿತ್ತು, ಅವಳನ್ನು ಮರೆಮಾಡುವುದೂ ಗೊತ್ತಿತ್ತು. ಅವಳು ಸುಳ್ಳಿ ಎಂದು ವರ್ಷವಿಡೀ ಅಂದುಕೊಂಡಿದ್ದ ನನಗೆ ಅಳು ಒತ್ತರಿಸಿ ಬಂತು.

ಎಂಟು ಗಂಟೆಗೆ ಅಮ್ಮ ಬಂದಳು. ಕಂಡದ್ದನ್ನೆಲ್ಲ ಹೇಳಿದೆ. ಅವಳು ಡ್ವೇನ್‌ನನ್ನು ಬೈಯಲಿಲ್ಲ. ಅಪ್ಪನ ಕಡೆ ತಿರುಗಿದಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಟ್ಬಿಡ್ತಿದ್ದೆ. ಶನಿವಾರ ಬಂದ್ರೆ ನಿನ್ನ ಮುಖಾನೇ ಬೇರೆ ಆಗ್ತಿತ್ತು, ಆರ್ಡಿತ್. ಅದನ್ನ ಕೆಡಿಸೋಕೆ ಮನಸ್ಸಾಗ್ಲಿಲ್ಲ."

"ಹೌದಾ? ಇಲ್ಲಾ, ಹೆಂಡ್ತಿ ಮುಖ ಊರೋರಿಗೆಲ್ಲ ಕಾಣ್ದೆ ಇದ್ರೇನೇ ಒಳ್ಳೇದು ಅನ್ನಿಸ್ತಾ?"

ಅಪ್ಪ ತಟ್ಟೆ ತೊಳೆಯಲು ಹೋದ.

ಸೋಮವಾರ ಟ್ಯಾಕೆಟ್ ಹ್ಯಾಟು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ. "ವೈರ್ ಸಡ್ಲ ಆಗಿತ್ತು ಅಂತ ಎಲ್ರಿಗೂ ಹೇಳಿದೀನಿ ತಾಯಿ, ನೀನೇನೂ ಯೋಚ್ನೆ ಮಾಡ್ಬೇಡ."

"ವೈರ್ ನೆಟ್ಟಗೇ ಇತ್ತು, ಹಾಲಿಸ್."

"ಕಂಪನಿಯೋರ ಕಾಟ. ಹೆಂಗ್ಸು ಬೇಕಾದ್ರೆ ಹಾಡ್ಲಿ, ವಾದ್ಯ ಗಂಡಸ್ರ ಕೈಲೇ ಇರ್ಲಿ ಅಂದ್ರು. ನಾನೇನ್ ಮಾಡ್ಲಿ?"

"ಹಾಗಾದ್ರೆ ಗಂಡಸೇ ಬಾರಿಸ್ಲಿ. ನಾನು ಮನೇಲಿ ಕೂತು ನೋಡ್ತೀನಿ."

ಹಾಗೇ ಮಾಡಿದಳು. ಮುಂದಿನ ಶನಿವಾರ ಜೀವಮಾನದಲ್ಲಿ ಮೊದಲ ಸಲ ತನ್ನ ತಂಡವನ್ನು ಸೋಫಾದಲ್ಲಿ ಕೂತು ನೋಡಿದಳು. ಡ್ವೇನ್‌ನ ಗಿಟಾರಿಗೆ ಅಂದು ವೈರ್ ಹಾಕಿದ್ದರು. ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನ ಹಾಗಿತ್ತು ಅದರ ದನಿ. ನಾನು ಬಿದ್ದುಬಿದ್ದು ನಕ್ಕೆ. ಅಮ್ಮ ನಗಲಿಲ್ಲ. "ಪಾಪ, ಕೈ ಓರೆ ಹಿಡ್ದಿದಾನೆ. ಯಾರೂ ಹೇಳ್ಕೊಟ್ಟಿಲ್ಲ" ಎಂದಳು.

ಬುಧವಾರ ಟ್ಯಾಕೆಟ್‌ನ ಫೋನು ಬಂತು. ಹುಲ್ಲಿನ ಪೆಂಡಿ ತೆಗೆಸಬೇಕು, ಕ್ಯಾಮೆರಾ ತನ್ನ ಮೇಲೇ ಬರಬೇಕು, ಅದನ್ನು ಕಾಗದದ ಮೇಲೆ ಬರೆದುಕೊಡಬೇಕು ಎಂದಳು ಅಮ್ಮ. ಅವನು ಬರೆದುಕೊಟ್ಟ. ಅವಳು ಎರಡು ಸಲ ಓದಿ, ನನ್ನಿಂದಲೂ ಓದಿಸಿ, ಆಮೇಲೆ ಗಿಟಾರನ್ನು ಪೆಟ್ಟಿಗೆಗೆ ಹಾಕಿಕೊಂಡಳು.

ತಂಡ ಇನ್ನೂ ಮೂರು ವರ್ಷ ನಡೆಯಿತು. ಊರವರಿಗೆ ಅವಳ ಕೈ, ಮುಖ ಎಲ್ಲ ಕಂಡವು, ಕಂಪನಿಯವರೂ ಸುಮ್ಮನಾದರು. ಅವಳ ಅನುಮಾನ ಮಾತ್ರ ಹೋಗಲಿಲ್ಲ. ಕೋಟು ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಂತು ನನ್ನನ್ನು ಕೇಳುತ್ತಿದ್ದಳು: "ಎಷ್ಟ್ ಸಲ?" "ಮೂರು." "ಮುಖಾನೂ?" "ಮುಖಾನೂ ಬಂತಮ್ಮ." ಪಕ್ಕದಲ್ಲಿ ಅಪ್ಪನೂ ಹೌದೆಂದು ತಲೆಯಾಡಿಸುತ್ತಿದ್ದ. ಆ ಕಡೆ ಅವಳು ನೋಡುತ್ತಲೇ ಇರಲಿಲ್ಲ.

ಅಪ್ಪ ಆ ನೋವನ್ನು ಎರಡು ವರ್ಷ ನುಂಗಿಕೊಂಡ. ಒಂದು ಶನಿವಾರ, ಏನನ್ನೂ ಹೇಳದೆ, ಅವಳ ಜೊತೆ ಸ್ಟುಡಿಯೋಗೆ ಹೊರಟ. ನನ್ನನ್ನೂ ಕರೆದುಕೊಂಡ. ಅಲ್ಲಿನ ತಂತ್ರಜ್ಞನ ಹತ್ತಿರ ಏನೋ ಪಿಸುಗುಟ್ಟಿ, ಪ್ರಸಾರವಾಗುವ ಚಿತ್ರವನ್ನು ಅವರು ನೋಡಿಕೊಳ್ಳುತ್ತಿದ್ದ ಮೂಲೆಯ ಚಿಕ್ಕ ಟಿವಿಯನ್ನು ಅಮ್ಮನ ಕಡೆಗೆ ತಿರುಗಿಸಿ ಇಡಿಸಿದ. ಅವಳ ಸರದಿ ಬಂತು. ನುಡಿಸುತ್ತಾ ತಲೆ ಎತ್ತಿದವಳಿಗೆ ಎದುರಿಗೇ ತನ್ನ ಕೈಗಳು ಕಂಡವು. ಒಂದು ಸ್ವರ ತಪ್ಪಿತು. ಸಾವರಿಸಿಕೊಂಡು ಮುಗಿಸಿದಳು.

ಮನೆಗೆ ಬರುವಾಗ ಅವಳು ಗಿಟಾರಿನ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಳು.

"ಇನ್ಮೇಲೆ ಅದನ್ನ ತಿರುಗಿಸ್ಬೇಡ, ಎಮ್ಮೆಟ್. ತಾಳ ತಪ್ಪುತ್ತೆ" ಎಂದಳು ಅಮ್ಮ. ಸ್ವಲ್ಪ ದೂರ ಹೋದ ಮೇಲೆ ಅವನ ಕಡೆ ತಿರುಗಿ, "ನೀನೇ ನೋಡಿ ಹೇಳು, ಸಾಕು" ಎಂದಳು.