ಅಬ್ಬಲಿಗೆ ದಂಡೆಯೂ ಹೊಸ ವರ್ಷನ್ನೂ

ಮದುವೆ ಫೋಟೋದ ಹಿನ್ನೆಲೆ ಅಳಿಸುವಾಗ ಮದುಮಗಳ ಮುಡಿಯ ಅಬ್ಬಲಿಗೆ ಹೂವಿನ ದಂಡೆಯೇ ದೊಡ್ಡ ತಲೆನೋವು. ಒಂದೊಂದು ಎಸಳಿನ ಸುತ್ತಲೂ ಮೌಸಿನಿಂದ ಗೆರೆ ಎಳೆದು ಕತ್ತರಿಸಬೇಕು. ಕಾರವಾರದ ನನ್ನ ಸ್ಟುಡಿಯೋಕ್ಕೆ ಹೆಸರು ಬಂದದ್ದೇ ಆ ಕೆಲಸದಿಂದ. ಅಂಕೋಲೆಯಲ್ಲಿ ಸ್ಟುಡಿಯೋ ಇಟ್ಟಿರುವ ಸುಮಿತ್ರಾ, ನಾನು ಅಲ್ಲಿಗೆ ಹೋಗಿದ್ದ ದಿನ, ಅದನ್ನೇ ಒಂದು ಕ್ಲಿಕ್ಕಿನಲ್ಲಿ ಮಾಡಿ ತೋರಿಸಿದಾಗ ಹೊಟ್ಟೆ ಉರಿದುಹೋಯಿತು.

“ನೀವು ಬಳಸೂ ಪುಕ್ಕಟೆ ಸಾಫ್ಟ್‌ವೇರೇ ಅಣ್ಣ. ಹೊಸ ವರ್ಷನ್ ಬಂದದೆ. ಹಾಕ್ಕೊಳ್ಳಲಿಲ್ವಾ?”

ಕೈಗೆ ಹತ್ತಿದ ಹಳೆಯದನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಅವಳ ಚಿತ್ರವನ್ನು ದೊಡ್ಡದು ಮಾಡಿ ತಪ್ಪು ಹುಡುಕತೊಡಗಿದೆ. ಕೊನೆಗೂ ಒಂದು ಸಿಕ್ಕಿತು.

“ನೋಡು, ಈ ಹೂವಿನ ಅರ್ಧ ಎಸಳು ತಿಂದುಹಾಕಿದೆ,” ಎಂದೆ. ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು.

ಸುಮಿತ್ರಾ ಮೂಲ ಫೋಟೋ ತೆರೆದು ತೋರಿಸಿದಳು. “ಅದು ಮದುವೆಮನೆಯಲ್ಲೇ ಹರಿದಿತ್ತು ಅಣ್ಣ.”

ಅವಳು ತರಿಸಿದ ಚಹಾ ಕುಡಿಯದೆ ಬಸ್ಸು ಹತ್ತಿದೆ. ಅದೇ ಸಂಜೆ ಹೊಸ ವರ್ಷನ್ ಹಾಕಿಕೊಂಡೆ. ಈಗ ನನ್ನದೂ ಒಂದೇ ಕ್ಲಿಕ್ಕು. ಗಿರಾಕಿಗಳಿಗೆ ಮಾತ್ರ ಎಂದಿನಂತೆ “ನಾಳೆ ಬನ್ನಿ” ಅನ್ನುತ್ತೇನೆ. ಮೊನ್ನೆ ತೋಡೂರಿನ ಹೆಂಗಸೊಬ್ಬರು ಮಗಳ ಫೋಟೋ ಹಿಡಿದು, “ಏನೇ ಹೇಳಿ, ಮಷಿನ್ನಿಗೆ ಈ ನಾಜೂಕು ಬರೂದಿಲ್ಲ” ಅಂದರು.

ಹೌದು ಅಂದೆ. ಕಂಪ್ಯೂಟರ್ ಪಕ್ಕದಲ್ಲೇ ಇತ್ತು, ಏನೂ ಹೇಳಲಿಲ್ಲ.